ಗುರು ಯಾರು ಅಂತ ಯಾಕೆ ಕೇಳುತ್ತೀರಿ?

ಈಗಷ್ಟೇ ಒಂದು ಮಾತು ಕೇಳಿ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಈಚೆಗೆ ತಾಯಿಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ದಿನಾ ಬೆಳಗ್ಗೆ ಕಣ್ಣು ಮುಚ್ಚಿ ಕೂರುತ್ತಾಳಂತೆ. ಒಂದು ದಿನ ಎದೆಯ ಭಾರವೆಲ್ಲ ಇಳಿದು, ತಾನು ಅನ್ನೋದೇ ಇಲ್ಲದ ಹಾಗಾಯಿತಂತೆ. ತಡವರಿಸುತ್ತಾ ಹೇಳುತ್ತಿದ್ದಳು. ಹಿರಿಯರೊಬ್ಬರು ನಡುವೆ ಬಾಯಿ ಹಾಕಿದರು. "ದೀಕ್ಷೆ ಯಾರಿಂದ ಆಗಿದೆ? ಗುರು ಯಾರು?" ಯಾರೂ ಇಲ್ಲ ಅಂದಳು. "ಹಾಗಾದ್ರೆ ಅದು ಬರೀ ಮನಸ್ಸಿನ ಆಟ, ಬಿಡಮ್ಮ." ಹುಡುಗಿ ಸುಮ್ಮನಾಗಿಬಿಟ್ಟಳು.

ಹೇಗೆ ಹೇಳುತ್ತಾರೆ ಹಾಗೆ? 1896ರಲ್ಲಿ ರಮಣ ಮಹರ್ಷಿಗಳಿಗೆ 16 ವರ್ಷ. ಮಧುರೈನ ಮನೆಯಲ್ಲಿ ಒಬ್ಬರೇ ಇದ್ದಾಗ ಇದ್ದಕ್ಕಿದ್ದಂತೆ ಸಾವಿನ ಭಯ ಬಂತು. ಹೆಣದ ಹಾಗೆ ಮಲಗಿ, ಸಾಯೋದು ಯಾವುದು ಅಂತ ಒಳಗೇ ಹುಡುಕಿದರು. ಎದುರಿಗೆ ಯಾವ ಗುರುವೂ ಇರಲಿಲ್ಲ. ಆಶ್ರಮ ಎದ್ದಿದ್ದು ಎಷ್ಟೋ ವರ್ಷಗಳ ಮೇಲೆ. ಅನುಭವ ಮೊದಲು, ಕಟ್ಟಡ ಆಮೇಲೆ, ಅಲ್ವಾ? ಚಿಂತಕ ಜಿಡ್ಡು ಕೃಷ್ಣಮೂರ್ತಿ 1929ರಲ್ಲಿ, ಸತ್ಯಕ್ಕೆ ಯಾವ ಸಂಸ್ಥೆಯೂ ದಾರಿಯಲ್ಲ ಅಂತ ಹೇಳಿ, ತಮಗಾಗಿ ಕಟ್ಟಿದ್ದ ಸಂಘವನ್ನೇ ವಿಸರ್ಜಿಸಿದರು. ಪ್ರಾಣಿಶಾಸ್ತ್ರಜ್ಞ ಅಲಿಸ್ಟರ್ ಹಾರ್ಡಿ 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕೇಂದ್ರವೊಂದನ್ನು ತೆರೆದು, ದೇವರೆನ್ನಿ ಬಿಡಿ, ನಿಮಗಿಂತ ಬೇರೆಯಾದ ಶಕ್ತಿಯೊಂದು ಎಂದಾದರೂ ಅನುಭವಕ್ಕೆ ಬಂದಿದೆಯೇ ಅಂತ ಜನಸಾಮಾನ್ಯರನ್ನು ಕೇಳಿದರು. ಸಾವಿರಾರು ಜನ ಬರೆದರು.

ಗುರುವಿಲ್ಲದಿದ್ದರೆ ದಾರಿ ತಪ್ಪುತ್ತಾರೆ ಅನ್ನುವವರಿದ್ದಾರೆ. ಒಬ್ಬರೇ ಕೂತಾಗ ಹಳೆಯ ನೋವು, ಭಯ ಮೇಲೆ ಬರುವುದುಂಟು, ನಿಜ. ಆಗ ತಿಳಿದವರನ್ನು ಕೇಳಲೇಬೇಕು. ಆದರೆ ಸಹಾಯ ಕೇಳುವುದು ಬೇರೆ, ಅಪ್ಪಣೆ ಪಡೆಯುವುದು ಬೇರೆ. ದಾರಿ ತಪ್ಪಿದವರು ಸಂಸ್ಥೆಗಳ ಒಳಗೂ ಬೇಕಾದಷ್ಟು ಜನ ಇದ್ದಾರೆ.

ನಾನೂ ಎಷ್ಟೋ ವರ್ಷ ಒಂದು ಆಧ್ಯಾತ್ಮಿಕ ಸಂಸ್ಥೆಯಲ್ಲಿದ್ದೆ. ಅಲ್ಲಿ ಕಲಿತದ್ದನ್ನು ಮರೆತಿಲ್ಲ. ಯಾಕೆ ಬಿಟ್ಟೆ ಅಂತ ಮಾತ್ರ ಇಲ್ಲಿ ಹೇಳಿರಲಿಲ್ಲ. ಅಪ್ಪ ಹೋದ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಒಂದು ಮಂತ್ರವೂ ನೆನಪಿಗೆ ಬರಲಿಲ್ಲ. ಉಸಿರನ್ನೇ ನೋಡುತ್ತಾ ಕೂತೆ. ಯಾವುದೋ ಗಳಿಗೆಯಲ್ಲಿ ಅಳು ತಾನಾಗಿ ನಿಂತಿತು. ಅಪ್ಪ, ನಾನು, ಆ ಬೆಂಚು ಎಲ್ಲಾ ಒಂದೇ ಅನ್ನಿಸಿತು. ಅದನ್ನು ಅಲ್ಲಿ ಹೇಳಿದಾಗ, "ಇದು ನಮ್ಮ ಕ್ರಮದಲ್ಲಿ ಬರೋದಿಲ್ಲ" ಅಂದರು. ಅವತ್ತು ನಾನೂ ಹೀಗೇ ಸುಮ್ಮನಾಗಿದ್ದೆ.

ಇವತ್ತು ಆಗಲಿಲ್ಲ. ಹೊರಡುವಾಗ ಹುಡುಗಿಯನ್ನು ಬಾಗಿಲ ಹತ್ತಿರ ನಿಲ್ಲಿಸಿ, "ಆಮೇಲೆ ಏನಾಯ್ತು, ಹೇಳಮ್ಮ" ಅಂದೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಪೂರ್ತಿ ಹೇಳಿದಳು.