ಎಲ್‌ಡಿಎಲ್ ಪೈಪಿಗೆ ಮೆತ್ತುವ ಜಿಡ್ಡಲ್ಲ

ಸರ್, ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಸಾಗುವ ಎಲ್‌ಡಿಎಲ್ ಕಣವನ್ನು ನಿಮ್ಮ ಲೇಖನದಲ್ಲಿ ರಕ್ತನಾಳವೆಂಬ ಪೈಪಿಗೆ ಮೆತ್ತಿಕೊಳ್ಳುವ ಜಿಡ್ಡು ಎಂದು ಬರೆದಿದ್ದೀರಿ. ವಿಜಯಪುರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ನನಗೆ ಈ ಹೋಲಿಕೆಯನ್ನು ಅವರ ತಲೆಯಿಂದ ತೆಗೆಯುವುದೇ ಪ್ರತಿವರ್ಷದ ಕೆಲಸ.

ಎಣ್ಣಿಗಾಯಿ ಪಲ್ಯ ಉಂಡ ತಾಟಿಗೆ ನೀರು ಹಾಕಿ ನೋಡ್ರಿ, ಎಣ್ಣೆ ಗುಂಡಗುಂಡಗೆ ತೇಲುತ್ತದೆ, ಬೆರೆಯುವುದಿಲ್ಲ. ರಕ್ತದಲ್ಲಿ ಹೆಚ್ಚಿನದು ನೀರೇ. ಕೊಲೆಸ್ಟ್ರಾಲ್ ಕೂಡ ಎಣ್ಣೆಯಂತೆ ನೀರಿಗೆ ಬೆರೆಯದು, ಅದಕ್ಕೇ ಅದಕ್ಕೆ ಹೊದಿಕೆ ಬೇಕು. ಎಲ್‌ಡಿಎಲ್ ಸುಮಾರು 22 ನ್ಯಾನೊಮೀಟರ್ ಉಂಡೆ. ಹೊರಗೆ ಫಾಸ್ಫೊಲಿಪಿಡ್ ಎಂಬ ಕೊಬ್ಬಿನ ಒಂದೇ ಪದರ, ಅದನ್ನು ಸುತ್ತಿಕೊಂಡು ಅಪೊಬಿ-100 ಎಂಬ ಒಂದೇ ಒಂದು ಪ್ರೋಟೀನು. ಜೀವಕೋಶದ ಪೊರೆಗೆ ಎರಡು ಪದರ. ಪೊರೆಯ ಮೇಲಿನ ಗ್ರಾಹಕ (ರಿಸೆಪ್ಟರ್) ಆ ಅಪೊಬಿ-100 ಪ್ರೋಟೀನನ್ನು ಗುರುತಿಸಿ ಹಿಡಿಯುತ್ತದೆ, ಆಗ ಪೊರೆಯೇ ಒಳಕ್ಕೆ ಗುಳಿಬಿದ್ದು ಉಂಡೆಯನ್ನು ನುಂಗುತ್ತದೆ. ಅಮೆರಿಕದ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ಬಂದದ್ದು ಈ ಗ್ರಾಹಕದ ಕೆಲಸಕ್ಕೆ. ಎಚ್‌ಡಿಎಲ್ ಎಂಬ ಇನ್ನೊಂದು ಕಣದ್ದು ಬೇರೆ ದಾರಿ, ಅದು ಪೊರೆಯಿಂದ ಕೊಲೆಸ್ಟ್ರಾಲ್ ಎತ್ತಿಕೊಳ್ಳುತ್ತದೆ.

ನನ್ನ ತಮ್ಮ ಎರಡು ವರ್ಷ ತುಪ್ಪ, ಶೇಂಗಾ ಹಿಂಡಿ ಮುಟ್ಟಲಿಲ್ಲ. ಎಲ್‌ಡಿಎಲ್ 200ರ ಕೆಳಗೆ ಇಳಿಯಲೇ ಇಲ್ಲ. 'ಬಾಯಿ ಕಟ್ಟಂಗಿಲ್ಲ ನೀನು' ಅಂತ ಮನೆಯವರೆಲ್ಲ ಬೈದೆವು, ನಾನೂ ಬೈದೆ. ಹುಟ್ಟಿನಿಂದಲೇ ಅವನಿಗೆ ಗ್ರಾಹಕಗಳ ಕೊರತೆ, ಅದಕ್ಕೇ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಅಂಥವರ ಬಗ್ಗೆಯೂ ಲೇಖನದಲ್ಲಿ ನಾಲ್ಕು ಸಾಲು ಸೇರಿಸಿರಿ.