ಶಾಲೆಯ ಪ್ರಾರ್ಥನೆಯಲ್ಲಿ ದಿನವೂ ಸಂವಿಧಾನದ ಪೀಠಿಕೆ ಓದಿಸಬೇಕೆ?

ಪರ

ಚಳ್ಳಕೆರೆ ತಾಲ್ಲೂಕಿನ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಡಗೀತೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಮುಂದೆ ಬಂದು ಸಂವಿಧಾನದ ಪೀಠಿಕೆಯನ್ನು ತುಣುಕು ತುಣುಕಾಗಿ ಹೇಳಿಕೊಡುತ್ತಾನೆ, ಉಳಿದವರು ಒಟ್ಟಾಗಿ ಅದನ್ನೇ ಹೇಳುತ್ತಾರೆ. ಶಾಲಾ ಕಾಲೇಜುಗಳಲ್ಲಿ ಈ ಓದು ಕಡ್ಡಾಯವಾಗಬೇಕೆಂದು ರಾಜ್ಯ ಸರ್ಕಾರ 2023ರಲ್ಲಿ ತೀರ್ಮಾನಿಸಿದಾಗ, ಇದು ಕಾಟಾಚಾರವಾಗಿ ಉಳಿಯುತ್ತದೆ ಎಂದವರು ನಮ್ಮ ಶಿಕ್ಷಕರಲ್ಲೇ ಬಹಳ ಮಂದಿ ಇದ್ದರು. ಸಮಾಜ ವಿಜ್ಞಾನ ಕಲಿಸುವ ನಾನು ಆ ಮಾತನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಕಳೆದ ವರ್ಷ ಆರನೇ ತರಗತಿಯ ಒಬ್ಬ ಹುಡುಗಿ ಪಾಠದ ನಡುವೆ ಎದ್ದು ನಿಂತು, "ಸಾರ್, ದೇವರಿಗೆ ಹಣ್ಣುಕಾಯಿ ಅರ್ಪಿಸ್ತಾರೆ. ನಮಗೆ ನಾವೇ ಹೆಂಗೆ ಅರ್ಪಿಸ್ಕೊಳ್ಳೋದು?" ಎಂದು ಕೇಳಿದಳು. ಪೀಠಿಕೆಯ ಕೊನೆಯಲ್ಲಿ ಬರುವ "ನಮಗೆ ನಾವೇ ಅರ್ಪಿಸಿಕೊಂಡಿದ್ದೇವೆ" ಎಂಬ ಮಾತು ಅವಳ ಕಿವಿಯಲ್ಲಿ ತಿಂಗಳುಗಟ್ಟಲೆ ಸುತ್ತಿ ಪ್ರಶ್ನೆಯಾಗಿತ್ತು. ಸಂವಿಧಾನದ ಹುಟ್ಟಿನ ಬಗ್ಗೆ ಕೇಳಬಹುದಾದ ಪ್ರಶ್ನೆಗಳಲ್ಲಿ ಇದಕ್ಕಿಂತ ಮುಖ್ಯವಾದುದು ನನಗೆ ಇಂದಿಗೂ ತೋರಿಲ್ಲ. ಪುಸ್ತಕದಲ್ಲಿ ಒಮ್ಮೆ ಓದಿಸಿ, ಪರೀಕ್ಷೆಗೆಂದು ಗೀಟು ಹಾಕಿಸಿ ಬಿಟ್ಟಿದ್ದರೆ ಅದು ಅವಳಿಗೆ ಹೊಳೆಯುತ್ತಿತ್ತೆ?

ಅವಳಿಗೆ ಉತ್ತರ ಹೇಳಲು ನಮ್ಮ ದುರ್ಗದ ಚರಿತ್ರೆಯೇ ಸಾಕಾಯಿತು. ಇಲ್ಲಿ ನಾಯಕರು ಆಳಿದರು. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು. ಆಮೇಲೆ ಮೈಸೂರಿನ ಒಡೆಯರು, ನಡುವೆ ಐವತ್ತು ವರ್ಷ ಬ್ರಿಟಿಷ್ ಕಮಿಷನರ್‌ಗಳು. ಅವರಲ್ಲಿ ಒಳ್ಳೆಯವರೂ ಇದ್ದರು, ಕೆರೆ ಕಟ್ಟೆ ಕಟ್ಟಿಸಿದವರೂ ಇದ್ದರು, ಆದರೆ ಕಾನೂನು ಎಂಬುದು ಯಾವತ್ತೂ ಮೇಲಿನಿಂದ ಇಳಿದು ಬರುವ ಅಪ್ಪಣೆಯೇ ಆಗಿತ್ತು. 1881ರಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾದಾಗಲೂ ಅದರ ಸದಸ್ಯರು ಊರಿನ ಕಷ್ಟಸುಖಗಳನ್ನು ಅರಿಕೆ ಮಾಡಿಕೊಳ್ಳಬಹುದಿತ್ತೇ ಹೊರತು ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು 1939ರಲ್ಲಿ ತುರುವನೂರಿನ ಈಚಲು ಮರ ಕಡಿಯುವ ಸತ್ಯಾಗ್ರಹದಲ್ಲಿ ಅಂದಿನ ಕಾನೂನನ್ನು ಮುರಿದು ಜೈಲು ಸೇರಿದರು. ಕೆಲವೇ ವರ್ಷಗಳಲ್ಲಿ ಅವರೇ ಸಂವಿಧಾನ ಸಭೆಯ ಸದಸ್ಯರಾಗಿ ದೆಹಲಿಯಲ್ಲಿ ಕುಳಿತರು. 1949ರ ನವೆಂಬರ್ 25ರಂದು ಮೈಸೂರಿನ ಮಹಾರಾಜರು, ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೂ ಆಗತಕ್ಕದ್ದೆಂದು ಘೋಷಿಸಿದರು, ಮರುದಿನ ಸಂವಿಧಾನ ಸಭೆ ಅದನ್ನು ಅಂಗೀಕರಿಸಿತು. ಅಲ್ಲಿಯವರೆಗೆ ಇನ್ನೊಬ್ಬರ ಪ್ರಜೆಗಳಾಗಿದ್ದ ನಮ್ಮ ಅಜ್ಜ ಮುತ್ತಜ್ಜಂದಿರು "ಭಾರತದ ಜನಗಳಾದ ನಾವು" ಎಂಬ ಮಾತಿನೊಳಗೆ ಬಂದದ್ದು ಹೀಗೆ. ಯಾವ ದೊರೆಯೂ ಕೊಡದ ಕಾನೂನನ್ನು ನಮಗೆ ನಾವೇ ಕೊಟ್ಟುಕೊಂಡೆವು ಎಂದಾಗ ಹುಡುಗಿ ತಲೆಯಾಡಿಸಿ ಕುಳಿತಳು.

ಅರ್ಥವಾಗದ್ದನ್ನು ಬಾಯಿಪಾಠ ಮಾಡಿಸಿ ಏನು ಫಲ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ನಮ್ಮ ಸೀಮೆಯಲ್ಲಿ ವಚನಗಳನ್ನು ಕಲಿತವರೆಲ್ಲ ಹಾಗೆಯೇ ಕಲಿತಿದ್ದಾರೆ. ಏಳನೇ ವಯಸ್ಸಿನಲ್ಲಿ ಬಾಯಿಗೆ ಬಂದ ಸಾಲು ನಲವತ್ತನೇ ವಯಸ್ಸಿನಲ್ಲಿ, ಯಾವುದೋ ಸಾವಿನ ಮನೆಯಲ್ಲಿ ಕುಳಿತಾಗ, ತನ್ನ ಅರ್ಥವನ್ನು ಬಿಟ್ಟುಕೊಡುತ್ತದೆ. ಬಾಯಿಯಲ್ಲಿಲ್ಲದ ಸಾಲಿಗೆ ಆ ಅವಕಾಶವೂ ಇರುವುದಿಲ್ಲ. ಅನ್ಯಾಯ ಎದುರಾದ ಗಳಿಗೆಯಲ್ಲಿ ಗ್ರಂಥಾಲಯಕ್ಕೆ ಹೋಗಿ ಪುಟ ತಿರುವಲು ಯಾರಿಗೂ ಪುರುಸೊತ್ತಿಲ್ಲ. ನಾಲಿಗೆಯ ಮೇಲೆ ಇದ್ದದ್ದು ಮಾತ್ರ ಅಲ್ಲಿ ನೆರವಿಗೆ ಬರುತ್ತದೆ.

ಇನ್ನೊಂದು ಮಾತೂ ಇದೆ. 1951ರ ಜನಗಣತಿಯಲ್ಲಿ ಈ ದೇಶದ ಸಾಕ್ಷರರು ನೂರಕ್ಕೆ ಸುಮಾರು 18 ಮಂದಿ. ಓದಲು ಬಾರದ ಅಷ್ಟು ದೊಡ್ಡ ಸಮುದಾಯಕ್ಕೆ ಸಂವಿಧಾನ ಮತದ ಹಕ್ಕನ್ನು ಕೊಟ್ಟಿತು, ಆದರೆ ತನ್ನ ಮಾತನ್ನು ಅವರ ಕಿವಿಗೆ ತಲುಪಿಸಲು ಯಾರೂ ಮನೆ ಬಾಗಿಲಿಗೆ ಹೋಗಲಿಲ್ಲ. ಇಂದು ಶೇಂಗಾ ಬಿಡಿಸುತ್ತ ಕುಳಿತ ಅಜ್ಜಿಯ ಪಕ್ಕದಲ್ಲಿ ಮೊಮ್ಮಗ ಪೀಠಿಕೆಯನ್ನು ಗಟ್ಟಿಯಾಗಿ ಅಭ್ಯಾಸ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಅಜ್ಜಿಗೆ ಅದು ತಲುಪುತ್ತಿರುವುದು ಎಪ್ಪತ್ತು ವರ್ಷ ತಡವಾಗಿ, ಆದರೂ ತಲುಪುತ್ತಿದೆ.

ವಿರೋಧ

ಮೇಲಿನ ಬರಹದವರು ನನ್ನ ಸಹೋದ್ಯೋಗಿ. ಅವರ ಸಂವಿಧಾನಪ್ರೀತಿಯಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಅವರು ಕೊಟ್ಟ ಉದಾಹರಣೆಯೇ ನನ್ನ ವಾದವನ್ನು ಹೇಳುತ್ತದೆ. ಆ ಹುಡುಗಿ ಪ್ರಶ್ನೆ ಕೇಳಿದ್ದು ಪ್ರಾರ್ಥನೆಯ ಸಾಲಿನಲ್ಲಿ ಅಲ್ಲ, ತರಗತಿಯಲ್ಲಿ. ಸಾಲಿನಲ್ಲಿ ಪ್ರಶ್ನೆ ಕೇಳಲು ಜಾಗವೇ ಇಲ್ಲ. ಅಲ್ಲಿ ಪಕ್ಕದವನಿಗಿಂತ ಅರ್ಧ ಪದ ಹಿಂದೆ ಬಿದ್ದರೂ ಗದರಿಕೆ ಬೀಳುತ್ತದೆ. ನೂರಾರು ಮಕ್ಕಳು ನೂರಾರು ದಿನ ಹೇಳಿದ ಮೇಲೆ ಒಬ್ಬಳು ಕೇಳಿದಳು ಎಂಬುದನ್ನು ನಾನು ಈ ಪದ್ಧತಿಯ ಗೆಲುವೆಂದು ಎಣಿಸಲಾರೆ.

ಒಕ್ಕೊರಲಿನಲ್ಲಿ ಹೇಳಿಸುವುದು ಸಂವಿಧಾನ ಹುಟ್ಟಿದ ರೀತಿಗೇ ಒಗ್ಗದ ಕ್ರಮ. ಸಂವಿಧಾನ ಸಭೆಯ ಮೊದಲ ಬೈಠಕ್ ನಡೆದದ್ದು 1946ರ ಡಿಸೆಂಬರ್ 9ರಂದು. ನಾಲ್ಕೇ ದಿನಕ್ಕೆ ನೆಹರೂ ಅವರು ಧ್ಯೇಯಗಳ ನಿರ್ಣಯವನ್ನು ಮಂಡಿಸಿದಾಗ, ಮುಸ್ಲಿಂ ಲೀಗಿನವರೂ ಸಂಸ್ಥಾನಗಳವರೂ ಸಭೆಗೆ ಬಂದಿಲ್ಲ, ಅವರಿಗಾಗಿ ಕಾಯೋಣ ಎಂದು ಎಂ. ಆರ್. ಜಯಕರ್ ತಡೆದರು, ನಿರ್ಣಯ ಅಂಗೀಕಾರವಾದದ್ದು ಮುಂದಿನ ಜನವರಿ 22ಕ್ಕೆ. ಗೈರುಹಾಜರಾದವರಿಗಾಗಿ ಒಂದು ತಿಂಗಳಿಗೂ ಹೆಚ್ಚು ಕಾದ ಈ ಸಂಗತಿಯನ್ನು ಮಕ್ಕಳಿಗೆ ಹೇಳಿದಾಗ ಅವರ ಮುಖದಲ್ಲಿ ಕಾಣುವ ಕುತೂಹಲ ನೂರು ಸಲ ಪೀಠಿಕೆ ಹೇಳಿಸಿದಾಗಲೂ ನನಗೆ ಕಂಡಿಲ್ಲ. ಡಾ. ಅಂಬೇಡ್ಕರ್ ಅವರ ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿದ ಕರಡಿಗೆ 7,635 ತಿದ್ದುಪಡಿಗಳ ಸೂಚನೆ ಬಂದವು, 2,473 ಸಭೆಯಲ್ಲಿ ಮಂಡನೆಯಾದವು. ನಾವು ಎಲ್ಲಕ್ಕಿಂತ ಮೊದಲು ಹೇಳಿಸುವ ಪೀಠಿಕೆಯನ್ನು ಸಭೆ ಕೈಗೆತ್ತಿಕೊಂಡದ್ದು ಕೊನೆಯ ಹಂತದಲ್ಲಿ, 1949ರ ಅಕ್ಟೋಬರ್ 17ರಂದು. ಅಂದು ಎಚ್. ವಿ. ಕಾಮತ್ ಅವರು "ದೇವರ ಹೆಸರಿನಲ್ಲಿ" ಎಂದು ಆರಂಭಿಸೋಣ ಎಂದರು. ಶ್ರದ್ಧೆಯ ಸ್ವಾತಂತ್ರ್ಯವನ್ನು ಕೊಡುವ ಪೀಠಿಕೆಯಲ್ಲೇ ಒಬ್ಬರ ಶ್ರದ್ಧೆಯನ್ನು ಇನ್ನೊಬ್ಬರ ಮೇಲೆ ಹೊರಿಸುವುದು ಸಲ್ಲದೆಂದು ಹೃದಯನಾಥ ಕುಂಜ್ರು ವಾದಿಸಿದರು. ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧವಾಗಿ 68 ಮತಗಳು ಬಂದವು. ಹಣ್ಣುಕಾಯಿಯ ಪ್ರಶ್ನೆ ಕೇಳಿದ ಹುಡುಗಿಗೆ ನಾನಾಗಿದ್ದರೆ ಮೊದಲು ಹೇಳುತ್ತಿದ್ದದ್ದು ಈ ಮತದಾನವನ್ನು, ಏಕೆಂದರೆ ಅವಳು ಕೇಳಿದ್ದನ್ನೇ ಅಂದು ದೊಡ್ಡವರೂ ಕೇಳಿಕೊಂಡಿದ್ದರು.

"ನಾವು" ಎಂಬ ಪದವೂ ನನ್ನ ಸಹೋದ್ಯೋಗಿ ತಿಳಿದಷ್ಟು ಸರಳವಲ್ಲ. ಸಂವಿಧಾನ ಸಭೆಗೆ ಪ್ರಾಂತಗಳ ಸದಸ್ಯರನ್ನು ಆರಿಸಿದ್ದು ಆಸ್ತಿ, ತೆರಿಗೆ, ವಿದ್ಯೆಗಳ ಮೇಲೆ ಮತದ ಹಕ್ಕು ಪಡೆದವರು ಚುನಾಯಿಸಿದ ಶಾಸನಸಭೆಗಳು. ಎಲ್ಲರಿಗೂ ಮತ ಸಿಕ್ಕಿದ್ದು ಸಂವಿಧಾನ ಬಂದ ಮೇಲೆ. ಹಾಗಾಗಿ ಪ್ರತಿಯೊಂದು ತಲೆಮಾರೂ ಅದನ್ನು ಎತ್ತಿ ನೋಡಿ, ಪ್ರಶ್ನಿಸಿ, ತನ್ನದೆಂದು ಒಪ್ಪಿದಾಗಲೇ ಆ "ನಾವು" ಸತ್ಯವಾಗುತ್ತದೆ. ಕಡ್ಡಾಯದ ಓದು ಆ ಒಪ್ಪಿಗೆ ಕೇಳುವುದೇ ಇಲ್ಲ.

ಕಡ್ಡಾಯದ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ಪ್ರತಿ ಶಿಕ್ಷಕರೂ ತಿಳಿದಿರಬೇಕು. ಕೇರಳದ ಶಾಲೆಯೊಂದರಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಯ ಹೊತ್ತಿನಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಧಾರ್ಮಿಕ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ನ್ಯಾಯಾಲಯವು, ಅಭಿವ್ಯಕ್ತಿ ಸ್ವಾತಂತ್ರ್ಯದ 19ನೇ ವಿಧಿ ಮತ್ತು ಧಾರ್ಮಿಕ ಸ್ವಾತಂತ್ರ್ಯದ 25ನೇ ವಿಧಿಯ ಆಧಾರದಲ್ಲಿ, ಅವರನ್ನು ಹೊರಹಾಕಿದ್ದು ತಪ್ಪೆಂದು ತೀರ್ಪಿತ್ತಿತು. ಬಾಯಿ ಮುಚ್ಚಿ ನಿಂತ ಮಗುವಿನ ಹಕ್ಕನ್ನೂ ಕಾಯುವ ಗ್ರಂಥವನ್ನು ಎಲ್ಲರ ಬಾಯಿ ತೆರೆಸುವ ಆಜ್ಞೆಯ ಮೂಲಕ ಪರಿಚಯಿಸುವುದು ನನಗೆ ನೋವಿನ ಸಂಗತಿ.

ನಮ್ಮ ಶಾಲೆಯಲ್ಲೇ ನೋಡಿದ್ದನ್ನು ಹೇಳುತ್ತೇನೆ. ಬೆಳಿಗ್ಗೆ "ಭ್ರಾತೃಭಾವ" ಎಂದು ಗಂಟಲು ಬಿಚ್ಚಿ ಹೇಳಿದ ಮಕ್ಕಳು ಮಧ್ಯಾಹ್ನ ಬಿಸಿಯೂಟದ ತಟ್ಟೆ ಹಿಡಿದು ವರಾಂಡದಲ್ಲಿ ಕೂರುವಾಗ ಕೇರಿ ಕೇರಿಯವರೇ ಒಟ್ಟಾಗುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಮನೆಯಿಂದ ಬಂದದ್ದು. ಎರಡು ಗುಂಪುಗಳ ನಡುವೆ ಒಂದು ಮೊಳದಷ್ಟು ಖಾಲಿ ನೆಲ, ಅಷ್ಟೇ. ಆ ಒಂದು ಮೊಳವನ್ನು ಪೀಠಿಕೆಯ ಓದು ಒಂದು ಅಂಗುಲವೂ ತಗ್ಗಿಸಲಿಲ್ಲ. ಹಾಜರಿ ಸಂಖ್ಯೆಯ ಪ್ರಕಾರ ಕೂರಿಸಲು ಆರಂಭಿಸಿ, ಹಾಗೇಕೆಂದು ಕೇಳಿದವರಿಗೆ ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೇ ವಿಧಿಯನ್ನು ಬಿಡಿಸಿ ಹೇಳಿದ ಮೇಲೆ ಅದು ಸ್ವಲ್ಪ ಸ್ವಲ್ಪವಾಗಿ ಮುಚ್ಚಿತು.

ನನಗೆ ಬೇಕಾದದ್ದು ದಿನದ ಎರಡು ನಿಮಿಷವಲ್ಲ, ವಾರದ ಒಂದು ಪೂರ್ತಿ ಅವಧಿ. ಶನಿವಾರದ ಬೆಳಗಿನ ಶಾಲೆಯಲ್ಲಿ ಏಳನೇ ತರಗತಿಯವರಿಗೆ, ನಿಮ್ಮ ತರಗತಿಯ ನಿಯಮಗಳನ್ನು ನೀವೇ ಬರೆದುಕೊಳ್ಳಿ ಎಂದಿದ್ದೆ. ನಾಲ್ಕನೆಯದಾಗಿ, ತಡವಾಗಿ ಬಂದವರು ಮೊದಲ ಅವಧಿ ಹೊರಗೆ ನಿಲ್ಲಬೇಕು ಎಂದು ಬರೆದರು. ಎಂದೂ ಮಾತಾಡದ ಒಬ್ಬ ಹುಡುಗ ಎದ್ದು, ತಾನು ಕುರಿಗಳನ್ನು ಅಪ್ಪನ ಕೈಗೆ ಒಪ್ಪಿಸಿ ಬರಬೇಕು, ಬೇಕೆಂದು ತಡ ಮಾಡುವುದಿಲ್ಲ ಎಂದ. ಅರ್ಧ ಗಂಟೆ ಜಗಳವಾಡಿದರು, ಕೈ ಎತ್ತಿಸಿದರು, 14ಕ್ಕೆ 9 ಮತಗಳಿಂದ ಆ ನಿಯಮ ಬಿದ್ದುಹೋಯಿತು. ಸೋತ ಒಂಬತ್ತು ಮಂದಿಯೂ ಕೆಳಗೆ ಸಹಿ ಹಾಕಿದ್ದಾರೆ. ಹಾಳೆ ಈಗಲೂ ಕಪ್ಪುಹಲಗೆಯ ಪಕ್ಕದ ಗೋಡೆಯ ಮೇಲಿದೆ, ನಾಲ್ಕನೇ ಸಾಲಿನ ಮೇಲೆ ಎಳೆದ ಗೀಟಿನ ಸಮೇತ.