ಫೆಸ್‌ನಲ್ಲೊಂದು ರೂಮು

ಮೊರಾಕೊಗೆ ಹೋಗುವುದು ಅಂತ ತೀರ್ಮಾನವಾಗಿ, ವೀಸಾ ಕೂಡ ಕೈಗೆ ಬಂದ ಮೇಲೆ ನಮ್ಮ ಮನೆಯಲ್ಲಿ ರೂಮಿನ ಜಗಳ ಶುರುವಾಯಿತು. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು, "ಫೆಸ್‌ನಲ್ಲಿ ಚೆಂದದ ರಿಯಾದ್‌ಗಳಿವೆ, ನೋಡ್ರೀ" ಅಂದೆ. ಇವರು ಪೇಪರಿನಿಂದ ತಲೆ ಎತ್ತಿ, "ರಿಯಾದ್ ಇರೋದು ಸೌದಿಯಲ್ಲಿ ಅಲ್ವೇನೇ? ಅಲ್ಲಿ ರೂಮು ಮಾಡಿ ಫೆಸ್ ನೋಡೋದು ಹೇಗೆ?" ಅಂದರು.

ತಪ್ಪು ಅವರದಲ್ಲ. ಎರಡೂ ಒಂದೇ ಪದದ ಮಕ್ಕಳು, ತೋಟ ಅಂತ ಅರ್ಥ. ಮೊರಾಕೊದಲ್ಲಿ ರಿಯಾದ್ ಅಂದರೆ ನಡುವೆ ತೋಟ, ಸುತ್ತ ಕೋಣೆಗಳಿರುವ ಹಳೇ ಮನೆ. ತೋಟ ಇಲ್ಲದೆ ಬರೀ ಅಂಗಳ ಇದ್ದರೆ ಅದು ದಾರ್. ಈಗೀಗ ಅಂಗಳದಲ್ಲಿ ಕುಂಡದೊಳಗೆ ಒಂದು ನಿಂಬೆ ಗಿಡ ಇಟ್ಟರೂ ರಿಯಾದ್ ಅಂತಲೇ ಕರೆಯುತ್ತಾರೆ. ನಮ್ಮಲ್ಲಿ ನಾಲ್ಕು ತೆಂಗಿನ ಮರ ಇದ್ದರೆ ರೆಸಾರ್ಟ್ ಆಗುವುದಿಲ್ಲವೇ, ಹಾಗೆ.

ಫೆಸ್ ಒಂದು ಊರಲ್ಲ, ಮೂರು. ಮೊದಲನೆಯದು ಎಂಟು-ಒಂಬತ್ತನೇ ಶತಮಾನದಲ್ಲಿ ಇದ್ರೀಸಿ ದೊರೆಗಳು ಕಟ್ಟಿದ ಹಳೇ ಫೆಸ್, ಅಂದರೆ ಫೆಸ್ ಎಲ್ ಬಾಲಿ. ಆಮೇಲೆ 1276ರಲ್ಲಿ ಮರೀನಿ ಸುಲ್ತಾನರು ಪಕ್ಕದಲ್ಲೇ ಇನ್ನೊಂದು ಕಟ್ಟಿದರು. ಅದಕ್ಕೆ ಇವತ್ತಿಗೂ 'ಹೊಸ ಫೆಸ್' ಅಂತಲೇ ಹೆಸರು! ಇಪ್ಪತ್ತನೇ ಶತಮಾನದಲ್ಲಿ ಫ್ರೆಂಚರು ಬಂದು, ಇವೆರಡನ್ನೂ ಮುಟ್ಟದೆ, ಆಚೆ ಕಡೆ ಅಗಲ ರಸ್ತೆಗಳ ತಮ್ಮದೇ ಊರು ಕಟ್ಟಿಕೊಂಡರು. ಲಿಫ್ಟ್ ಇರುವ ಹೋಟೆಲುಗಳು, ರೈಲು ನಿಲ್ದಾಣ ಎಲ್ಲ ಅಲ್ಲಿ. ಇವರ ಓಟು ಈ ಮೂರನೇ ಊರಿಗೆ. "ನನ್ನ ಮಂಡಿ ಯುನೆಸ್ಕೋ ಪಟ್ಟಿಯಲ್ಲಿಲ್ಲ ಕಣೇ" ಅನ್ನುವುದು ಇವರ ವಾದ. ಹಳೇ ಊರು 1981ರಿಂದ ಆ ಪಟ್ಟಿಯಲ್ಲಿದೆ ಅಂತ ಐದು ನಿಮಿಷ ಮುಂಚೆ ನಾನೇ ಹೇಳಿದ್ದೆ.

ನನ್ನ ಓಟು ಹಳೇ ಊರಿಗೆ. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ತೊಟ್ಟಿ ಮನೆಯಲ್ಲಿ. ಆ ಮನೆಯನ್ನು ಪಾಲು ಮಾಡಿಕೊಂಡು ಮಾರಿ ಎಷ್ಟೋ ವರ್ಷವಾಯಿತು. ನಡುವೆ ಆಕಾಶ ಬಿಟ್ಟು ಕಟ್ಟಿದ ಮನೆಯ ಫೋಟೋ ಕಂಡರೆ ಈಗಲೂ ನನ್ನ ಕೈ ಮೌಸ್ ಮೇಲೆ ನಿಲ್ಲುವುದಿಲ್ಲ. ಜಗಳದಲ್ಲಿ ಗೆದ್ದದ್ದು ನಾನೇ ಅಂತ ಬೇರೆ ಹೇಳಬೇಕಿಲ್ಲ.

ಗೆದ್ದ ಮೇಲೆ ಕಷ್ಟ ಗೊತ್ತಾಯಿತು. ಬೇರೆ ಊರಲ್ಲಾದರೆ ಹೋಟೆಲಿನ ಮುಂಭಾಗ ನೋಡಿ ಇದು ಎಂಥ ಜಾಗ ಅಂತ ಅಂದಾಜು ಮಾಡಬಹುದು. ಫೆಸ್‌ನಲ್ಲಿ ಮನೆಗಳಿಗೆ ಮುಂಭಾಗ ಅನ್ನುವುದೇ ಇಲ್ಲ. ಓಣಿಯ ಕಡೆಗೆ ಬಣ್ಣ ಹೋದ ಎತ್ತರದ ಗೋಡೆ, ಅದರಲ್ಲೊಂದು ಬಾಗಿಲು, ಅಷ್ಟೇ. ಕಿಟಕಿಗಳೆಲ್ಲ ಅಂಗಳದ ಕಡೆಗೆ. ಸಾಹುಕಾರನ ಮನೆಯೋ ಬಡವನ ಮನೆಯೋ ಹೊರಗಿನವರಿಗೆ ಗೊತ್ತಾಗಬಾರದು. ಝೆಲ್ಲಿಜ್ ಅಂತ ಕರೆಯುವ, ಕೈಯಲ್ಲಿ ಕೆತ್ತಿ ಜೋಡಿಸಿದ ಹೆಂಚಿನ ಚೂರುಗಳ ಗೋಡೆ, ಕೆತ್ತಿದ ದೇವದಾರು, ಕಾರಂಜಿ ಎಲ್ಲ ಒಳಗೆ. ಕಂಪ್ಯೂಟರಿನಲ್ಲಿ ನಾವು ನೋಡುವುದು ಬರೀ ಈ ಒಳಗನ್ನು. ಮಂಚದ ಮೇಲೆ ಚೆಲ್ಲಿದ ಗುಲಾಬಿ ಎಸಳಿನವರೆಗೆ ಎಲ್ಲ ಕಂಡಿರುತ್ತದೆ. ಬಾಗಿಲು ಎಲ್ಲಿದೆ ಅನ್ನುವುದೊಂದು ಗೊತ್ತಿರುವುದಿಲ್ಲ.

ಫೋಟೋಗೆ ವಾಸನೆಯೂ ಇಲ್ಲ. ನಾನು ಮೊದಲು ಮೆಚ್ಚಿದ ಮನೆಯ ತಾರಸಿಯಿಂದ ಶುವಾರದ ಚರ್ಮ ಹದ ಮಾಡುವ ತೊಟ್ಟಿಗಳು ಕಾಣುತ್ತವೆ ಅಂತ ಹೆಮ್ಮೆಯಿಂದ ಬರೆದಿದ್ದರು. ಬಣ್ಣದ ಡಬ್ಬಿಯ ಹಾಗೆ ಸಾಲು ಸಾಲು ತೊಟ್ಟಿಗಳು, ನಿಜಕ್ಕೂ ಚೆಂದ. ಆದರೆ ಅಲ್ಲಿ ಚರ್ಮ ಮೆತ್ತಗಾಗಲು ಹಾಕುವುದು ಸುಣ್ಣ ಮತ್ತು ಪಾರಿವಾಳದ ಹಿಕ್ಕೆ. ನೋಡಲು ಬರುವವರ ಕೈಗೆ ಸುತ್ತಲಿನ ಅಂಗಡಿಯವರು ಪುದೀನ ಕೊಡುತ್ತಾರೆ, ಮೂಗಿಗೆ ಹಿಡಿದುಕೊಳ್ಳಲಿ ಅಂತ. ಮೂರು ರಾತ್ರಿ ಪುದೀನ ಹಿಡಿದು ಮಲಗುವುದು ಹೇಗೆ? ಆ ಮನೆ ಬಿಟ್ಟೆ.

ಕೊನೆಗೆ ಆರಿಸಿದ ಮನೆಯ ವಿವರದಲ್ಲಿ "ಬಾಬ್ ಬುಜ್‌ಲೂದ್‌ನಿಂದ ಐದು ನಿಮಿಷ" ಅಂತಿತ್ತು. ಇದು ಹಳೇ ಊರಿನ ಹೆಸರಾಂತ ನೀಲಿ ಬಾಗಿಲು. ಹೊರಗಿನಿಂದ ನೀಲಿ, ಒಳಗಿನಿಂದ ಹಸಿರು. ಪುರಾತನ ಅಂದುಕೊಂಡಿದ್ದೆ, ಕಟ್ಟಿದ್ದು 1913ರಲ್ಲಂತೆ. ಕೆಂಪು ಟ್ಯಾಕ್ಸಿಯವನು ಆ ಬಾಗಿಲ ಹತ್ತಿರ ಇಳಿಸಿ ಹೊರಟೇ ಹೋದ. ಒಳಗೆ ಕಾರು ಹೋಗುವುದಿಲ್ಲ. ಅಲ್ಲಿರುವ ಓಣಿಗಳು 9,000ಕ್ಕೂ ಹೆಚ್ಚು ಅಂತ ಹೇಳುತ್ತಾರೆ. ಕೆಲವು ಎಷ್ಟು ಕಿರಿದು ಅಂದರೆ, ಎದುರಿನಿಂದ ಹೊಟ್ಟೆ ಇರುವವರೊಬ್ಬರು ಬಂದರೆ ಒಬ್ಬರು ಹಿಂದಕ್ಕೆ ಹೋಗಬೇಕು.

ಫೋನಿನ ಮ್ಯಾಪು ಗೋಡೆಯೊಳಗೆ ನುಗ್ಗು ಅಂತ ತೋರಿಸುತ್ತಿತ್ತು. ಸೂಟ್‌ಕೇಸಿನ ಗಾಲಿ ಕಲ್ಲುಗಳ ಮೇಲೆ ಗಡಗಡ ಅನ್ನುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಗಟ್ಟಿಯಾಗಿ "ಬಾಲಕ್! ಬಾಲಕ್!" ಅಂತ ಕೂಗಿದರು. ಅರವತ್ತನಾಲ್ಕು ವರ್ಷದ ಇವರು ಖುಷಿಯಾಗಿ ತಿರುಗಿ ನೋಡಿದರು. ಬಂದದ್ದು ಗ್ಯಾಸ್ ಸಿಲಿಂಡರ್ ಹೊತ್ತ ಕತ್ತೆ. 'ದಾರಿ ಬಿಡಿ' ಅಂತ ಅದರ ಅರ್ಥ. ಇವರು ಗೋಡೆಗೆ ಅಂಟಿಕೊಂಡು ನಿಂತರು, ಕತ್ತೆ ಇವರ ಕಡೆ ನೋಡದೆ ಹೋಯಿತು. ಕೊನೆಗೆ ತಳ್ಳುಗಾಡಿಯವನೊಬ್ಬ ಸೂಟ್‌ಕೇಸ್ ಏರಿಸಿಕೊಂಡು, ಕೈಸನ್ನೆ ಮಾಡಿ ಮುಂದೆ ನಡೆದ. ಐದು ನಿಮಿಷ ಅಂದಿದ್ದು ಇಪ್ಪತ್ತೈದಾಯಿತು. ಐದು ನಿಮಿಷ ಅಂತ ಬರೆದವರು ಪ್ರಾಯಶಃ ಪಾರಿವಾಳದ ಲೆಕ್ಕದಲ್ಲಿ ಬರೆದಿದ್ದರು.

ಬಾಗಿಲು ತೆರೆದಾಗ ಮಾತ್ರ ಇಬ್ಬರೂ ಸುಮ್ಮನಾದೆವು. ಕತ್ತಲೆಯ ಒಂದು ತಿರುವು, ಅದು ದಾಟಿದರೆ ಅಂಗಳ, ಮೇಲೆ ಚೌಕಾಕಾರದ ಆಕಾಶ. ಬಾಗಿಲಿನಿಂದ ನೇರ ಒಳಗೆ ಕಾಣಬಾರದು ಅಂತಲೇ ಆ ತಿರುವು. "ನಿಮ್ಮಜ್ಜನ ಮನೆಗೆ ಟೈಲ್ಸ್ ಹಾಕಿಸಿದ ಹಾಗಿದೆ" ಅಂದರು ಇವರು. ಹೊಗಳಿದ್ದು ಅಂತಲೇ ಇಟ್ಟುಕೊಂಡೆ.

ತೊಟ್ಟಿ ಮನೆಯ ಗುಣ ಮಾತ್ರವಲ್ಲ, ಅವಗುಣವೂ ಅಲ್ಲಿತ್ತು. ಜನವರಿಯ ಚಳಿ ಅಂಗಳಕ್ಕೆ ಇಳಿದು ಹೊರಗೆ ಹೋಗಲು ದಾರಿ ಸಿಗದೆ ಅಲ್ಲೇ ಕೂತಿತ್ತು. ಎದುರು ಕೋಣೆಯವರ ಕೆಮ್ಮು, ಮೇಲಿನವರ ಜಗಳ, ಕೆಳಗೆ ಪಾತ್ರೆ ತೊಳೆಯುವ ಸದ್ದು, ಎಲ್ಲ ಪಾಲಿಲ್ಲದೆ ಎಲ್ಲರಿಗೂ. ಮೆಟ್ಟಿಲುಗಳು ಒಂದೊಂದೂ ಮೊಳದೆತ್ತರ. ಇವರ ಮಂಡಿ ನನ್ನ ಕಡೆ ನೋಡುತ್ತಿತ್ತು.

ಹಳೇ ಕಾಲದವರು ಇಷ್ಟೆಲ್ಲ ತಲೆಬಿಸಿ ಮಾಡಿಕೊಳ್ಳುತ್ತಿರಲಿಲ್ಲ. ಮರಗೆಲಸದವರ ಚೌಕದಲ್ಲಿ ನೆಜ್ಜಾರೀನ್ ಅನ್ನುವ ಹದಿನೆಂಟನೇ ಶತಮಾನದ ಫುಂದುಕ್ ಇದೆ. ಈಗ ಅದು ಮರದ ಸಾಮಾನಿನ ಮ್ಯೂಸಿಯಂ. ಆಗ ಕೆಳಗೆ ಸರಕು, ಪ್ರಾಣಿಗಳು. ಮೇಲೆ ವ್ಯಾಪಾರಿಗಳ ಕೋಣೆಗಳು. ಅರಬ್ಬಿಯಲ್ಲಿ ಹೋಟೆಲಿಗೆ ಈಗಲೂ ಫುಂದುಕ್ ಅಂತಲೇ ಹೆಸರು. ಕತ್ತೆ ಕಟ್ಟಲು ಜಾಗ ಇದೆಯೋ ಇಲ್ಲವೋ, ಆಗಿನವರಿಗೆ ಅದೊಂದೇ ಪ್ರಶ್ನೆ ಇದ್ದಿರಬೇಕು. ನಾವು ಪಾರ್ಕಿಂಗ್ ಕೇಳುವ ಹಾಗೆ.

ಬೆಳಗಿನ ತಿಂಡಿಗೆ ಬಂದದ್ದು ಬಗ್ರೀರ್. ಮೈತುಂಬ ತೂತುಗಳಿರುವ ರವೆಯ ದೋಸೆ. ಜೇನು ಬೆಣ್ಣೆ ಸುರಿದು ತಿನ್ನಬೇಕು. ನಮ್ಮ ಸೆಟ್ ದೋಸೆಯ ದೂರದ ನೆಂಟ, ಸಾಗುವಿಗೆ ಮಾತ್ರ ಅಲ್ಲಿ ಗತಿಯಿಲ್ಲ. ಇವರು ಎರಡು ದಿನ ಸಂತೋಷವಾಗಿ ತಿಂದರು. ಮೂರನೇ ದಿನಕ್ಕೆ, "ಮಧ್ಯಾಹ್ನ ರೊಟ್ಟಿ, ರಾತ್ರಿ ರೊಟ್ಟಿ, ಒಂದು ತುತ್ತು ಮೊಸರನ್ನ ಇಲ್ಲ" ಅಂತ ಶುರು ಮಾಡಿದರು. ಆಗ ನಾನು ಇಬ್ನ್ ಬತೂತನ ಕಥೆ ಹೇಳಿದೆ. ಮೊರಾಕೊದ ಆ ಯಾತ್ರಿಕ 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿನ ಸುಲ್ತಾನ ಅನ್ನ, ತುಪ್ಪ, ಉಪ್ಪಿನಕಾಯಿ, ಕೊನೆಗೆ ಮೊಸರು ಅಂತ ಉಪಚಾರ ಮಾಡಿದ. ಹನ್ನೊಂದು ತಿಂಗಳು ಅಲ್ಲಿದ್ದರೂ ರೊಟ್ಟಿ ತಿನ್ನಲಿಲ್ಲವಂತೆ. ಈ ಕಡಲ ಸೀಮೆಗಳಲ್ಲಿ ಅನ್ನ ತಿಂದೂ ತಿಂದೂ, ಕೊನೆಗೆ ನೀರು ಕುಡಿಯದೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ ಅಂತ ಅವನೇ ಹೇಳಿಕೊಂಡಿದ್ದಾನೆ. ಹೇಳಿ ಬರೆಸಿದ್ದು ಇದೇ ಫೆಸ್‌ನಲ್ಲಿ, ಮುಗಿದದ್ದು 1355ರಲ್ಲಿ.

"ಪಾಪ, ಮೊಸರು ಕೊಟ್ಟರೂ ಗೊಣಗಿದನಾ?" ಅಂದರು ಇವರು. ಅವನ ಮೇಲೆ ಕರುಣೆಯೇನೂ ಬಂದ ಹಾಗಿರಲಿಲ್ಲ.

ಓಣಿಯ ಕೊನೆಯಲ್ಲೊಂದು ಫರ್ರಾನ್ ಇತ್ತು. ಕೇರಿಯವರಿಗೆಲ್ಲ ಸೇರಿದ ಸುಡುವ ಒಲೆ. ಹೆಂಗಸರು ಮನೆಯಲ್ಲಿ ಹಿಟ್ಟು ನಾದಿ, ಹಲಗೆ ಮೇಲಿಟ್ಟು ಮಕ್ಕಳ ಕೈಯಲ್ಲಿ ಕಳಿಸುತ್ತಾರೆ. ಯಾವ ರೊಟ್ಟಿ ಯಾರ ಮನೆಯದು ಅಂತ ಒಲೆಯವನಿಗೆ ಗೊತ್ತು. ನಮ್ಮ ಮನೆಯ ಗುರುತೂ ಅದೇ: ಒಲೆ ಸಿಕ್ಕಿದರೆ ಎಡಕ್ಕೆ, ನಲ್ಲಿ ಸಿಕ್ಕಿದರೆ ದಾಟಿ ಬಂದೆವು ಅಂತ ಲೆಕ್ಕ. ಇವರು ಆ ದಾರಿ ಕಲಿತು, ನಾಲ್ಕೈದು ಸಲ ಒಬ್ಬರೇ ಹೋಗಿ ಬಂದು, ಊರನ್ನೇ ಗೆದ್ದವರ ಹಾಗೆ ಓಡಾಡುತ್ತಿದ್ದರು.

ಹೊರಡುವ ಹಿಂದಿನ ಸಂಜೆ ಸುಮ್ನೆ ಒಂದು ಸುತ್ತು ಅಂತ ಹೋದವರು ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ಬಾಗಿಲು ತಟ್ಟಿದ ಸದ್ದಾಯಿತು. ಇವರ ಹಿಂದೆ ಬೆವರು ಒರೆಸಿಕೊಳ್ಳುತ್ತಾ ಗಂಡ ಹೆಂಡತಿ, ಎರಡು ದೊಡ್ಡ ಸೂಟ್‌ಕೇಸು. "ಪಾಪ, ದಾರಿ ತಪ್ಪಿ ಒದ್ದಾಡ್ತಿದ್ರು ಕಣೇ. ನಾನೇ ಕರ್ಕೊಂಡು ಬಂದೆ" ಅಂದರು ಹೆಮ್ಮೆಯಿಂದ. ಮನೆ ನೋಡಿಕೊಳ್ಳುವ ಹುಡುಗ ಅವರ ಫೋನು ನೋಡಿ ನಗಲು ಶುರು ಮಾಡಿದ. ಅವರು ರೂಮು ಮಾಡಿದ್ದು ಬೇರೆ ಮನೆಯಲ್ಲಿ, ಊರಿನ ಇನ್ನೊಂದು ತುದಿಯಲ್ಲಿ. ಇವರಿಗೆ ಗೊತ್ತಿದ್ದ ದಾರಿ ಇದೊಂದೇ. ಹುಡುಗ ನಗುತ್ತಲೇ ಒಳಗೆ ಹೋಗಿ, ಪುದೀನ ಚಹಾಕ್ಕೆ ಇನ್ನೆರಡು ಲೋಟ ತಂದಿಟ್ಟ.